ಹೆತ್ತ ತಾಯಿ, ಸಾಕಿದ ತಾಯಿ ಮತ್ತು ಸಂಬಳ

“ಹೆಂಗಸರ ಗಳಿಕೆ ಕಡಿಮೆಯಿರುವುದು ಪ್ರಕೃತಿಯ ನಿಯಮ, ಹೆರುವವಳು ಅವಳೇ ತಾನೇ?” ಅಮೆರಿಕದ ನಮ್ಮ ಕನ್ನಡ ಕೂಟಗಳ ಊಟದ ಪಂಕ್ತಿಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಆಡುವವರು ಸಜ್ಜನರೇ. ಆದರೆ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವುದು ಹೇಗೆ?

ಡೆನ್ಮಾರ್ಕಿನಲ್ಲಿ ಅದು ಸಾಧ್ಯವಾಯಿತು. ಅಲ್ಲಿನ ಸರಕಾರಿ ದಾಖಲೆಗಳಲ್ಲಿ ಜನರ ಆದಾಯ, ಮಕ್ಕಳ ಜನನ, ದತ್ತು ಸ್ವೀಕಾರ ಎಲ್ಲವೂ ನಮೂದಾಗಿರುತ್ತವೆ. ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಅವರ ಇಬ್ಬರು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೊದಲ ಮಗು ಹುಟ್ಟುವವರೆಗೆ ಗಂಡು ಹೆಣ್ಣುಗಳ ಗಳಿಕೆ ಜೋಡೆತ್ತುಗಳಂತೆ ಸಾಗುತ್ತದೆ. ಮಗು ಬಂದೊಡನೆ ತಾಯಿಯದು ಕುಸಿಯುತ್ತದೆ. ತಂದೆಯದು ಕದಲುವುದೇ ಇಲ್ಲ. ವರುಷಗಳು ಕಳೆದ ಮೇಲೂ ತಾಯಿ ಶೇಕಡ 20ರಷ್ಟು ಹಿಂದೆ ಉಳಿಯುತ್ತಾಳೆ.

ಬಸಿರು, ಹೆರಿಗೆ, ಮೊಲೆಯೂಡಿಸುವಿಕೆ ಇವೇ ಕಾರಣವಿರಬೇಕಲ್ಲವೆ? ಅದೇ ಮೂವರು 2021ರಲ್ಲಿ ದತ್ತು ಪಡೆದ ಕುಟುಂಬಗಳನ್ನು ಪಕ್ಕಕ್ಕಿಟ್ಟು ಹೋಲಿಸಿದರು. ದತ್ತು ತಾಯಿಯು ಹೊತ್ತವಳಲ್ಲ, ಹೆತ್ತವಳಲ್ಲ. ಮೊದಮೊದಲು ಹೆತ್ತ ತಾಯಂದಿರ ನಷ್ಟವೇ ತುಸು ಹೆಚ್ಚಾಗಿ ಕಂಡಿತು. ಕಾಲ ಸರಿದಂತೆ ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದಾದವು. ಹೆರಿಗೆಯ ದಣಿವು ಸುಳ್ಳಲ್ಲ. ಆದರೆ ಹತ್ತು ವರುಷಗಳ ನಷ್ಟಕ್ಕೆ ಗರ್ಭಕೋಶವನ್ನು ಹೊಣೆಮಾಡಲಾಗದು. ಮಮತೆಯೇ ಹೆಣ್ಣಿನ ರಕ್ತದಲ್ಲಿದೆ ಎಂದು ವಾದಿಸುವವರಿಗೆ ಇದು ಪೂರ್ಣ ಉತ್ತರವಲ್ಲ, ಒಪ್ಪುತ್ತೇನೆ.

2023ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಅಮೆರಿಕದ ಔಷಧ ವಿತರಕರ ವೃತ್ತಿಯನ್ನು ಲಾರೆನ್ಸ್ ಕಟ್ಜ್ ಅವರೊಡನೆ ಪರಿಶೀಲಿಸಿದ್ದಾರೆ. ಅಲ್ಲಿ ಒಬ್ಬರ ಸರದಿಯನ್ನು ಇನ್ನೊಬ್ಬರು ಸುಲಭವಾಗಿ ವಹಿಸಿಕೊಳ್ಳಬಹುದು. ಹಗಲಿರುಳು ದುಡಿಯುವವರಿಗೆ ವಿಶೇಷ ಪ್ರತಿಫಲವಿಲ್ಲ. ಅಂತರವೂ ಅಲ್ಲಿ ಅಲ್ಪ. ಆ ಅಂಗಡಿಗಳ ಹೆಂಗಸರ ದೇಹಪ್ರಕೃತಿ ಬೇರೆಯದೇನೂ ಅಲ್ಲವಷ್ಟೆ!

ಇಲ್ಲಿನ ನಮ್ಮ ಸಂಸಾರಗಳಲ್ಲಿ ಇನ್ನೊಂದು ಕಾರಣವೂ ಉಂಟು: ಕಾನೂನು. ಎಚ್-4 ವೀಸಾದಲ್ಲಿ ಪತಿಯೊಡನೆ ಬಂದ ಎಂಜಿನಿಯರುಗಳೂ ವೈದ್ಯೆಯರೂ 2015ರ ಮೇ ತಿಂಗಳವರೆಗೆ ಉದ್ಯೋಗಕ್ಕೆ ಸೇರುವಂತಿರಲಿಲ್ಲ. ಆಮೇಲೂ ಅವಕಾಶ ದೊರೆತದ್ದು ಪತಿಯ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ.

ನನ್ನ ಮನೆಯ ಸಂಗತಿಯನ್ನೂ ಮುಚ್ಚಿಡಲಾರೆ. ಮಗಳಿಗೆ ಜ್ವರ ಬಂದಾಗಲೆಲ್ಲ ಶಾಲೆಯಿಂದ ಕರೆ ಹೋಗುತ್ತಿದ್ದುದು ನನ್ನ ಪತ್ನಿಯ ಕಚೇರಿಗೆ. ಶಾಲೆಯವರನ್ನು ನಾನು ದೂರಿದ್ದೂ ಉಂಟು. ಒಮ್ಮೆ ಪ್ರವೇಶದ ಅರ್ಜಿಯ ಪ್ರತಿ ಕೈಗೆ ಸಿಕ್ಕಿತು. ಮೊದಲ ಸಾಲಿನಲ್ಲಿ ಅವಳ ದೂರವಾಣಿ ಸಂಖ್ಯೆ, ಎರಡನೆಯದರಲ್ಲಿ ನನ್ನದು, ಕೈಬರಹ ನನ್ನದೇ.