ಜನರೇಟರ್ ಎಂಜಿನ್ ಬಿಚ್ಚಿ ನೋಡೋಣ

ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರಿನ ರಭಸಕ್ಕೆ ವಿದ್ಯುತ್ ಜನಕಗಳು ತಿರುಗುತ್ತವೆ. ಕರೆಂಟ್ ಹೋದಾಗ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನ ಅಂಗಡಿಯಲ್ಲೋ ಮದುವೆ ಚಪ್ಪರದಲ್ಲೋ ಜನಕವನ್ನು ತಿರುಗಿಸುವುದು ಪುಟ್ಟ ಪೆಟ್ರೋಲ್ ಎಂಜಿನ್. ಒಮ್ಮೊಮ್ಮೆ ಅದು ನಡುವೆಯೇ ನಿಂತುಬಿಡುತ್ತದೆ. ಹಗ್ಗ ಎಷ್ಟು ಎಳೆದರೂ ಅಲುಗುವುದಿಲ್ಲ. ಏಕೆ? ಗುಜರಿಗೆ ಹೊರಟ ಅಂಥ ಎಂಜಿನ್ ಶಾಲೆಗೆ ಸಿಕ್ಕರೆ, ಬಿಚ್ಚಿಯೇ ಉತ್ತರ ಹುಡುಕಬಹುದು.

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ. ಬೆಂಕಿಯಿಂದ ದೂರ, ಬಯಲಿನಲ್ಲಿ ಪೆಟ್ರೋಲ್ ಬಸಿಯಿರಿ. ಬಳಿಕ ಆಯಿಲ್ ಬಸಿದು ಅಳೆಯಿರಿ. ಇದೇ ಮೊದಲ ಸಾಕ್ಷಿ. ಸುಮಾರು 0.6 ಲೀಟರ್ ಇರಬೇಕಾದಲ್ಲಿ ಒಂದು ಲೋಟವೂ ಬಾರದಿದ್ದರೆ ಕಾರಣದ ಸುಳಿವು ಸಿಕ್ಕಂತೆ.

ಫ್ಲೈವೀಲನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರ್‌ನಿಂದ ತೆಗೆಯಿರಿ. ಅದರ ಅಂಚಿನ ಆಯಸ್ಕಾಂತ ಕಾಯಿಲ್ ಮುಂದೆ ಹಾಯ್ದಾಗಲೇ ಕಿಡಿಗೆ ಬೇಕಾದ ವಿದ್ಯುತ್ ಹುಟ್ಟುವುದು. ಅದರ ರೆಕ್ಕೆಗಳು ಗಾಳಿ ಬೀಸಿ ಎಂಜಿನನ್ನು ತಂಪಾಗಿಡುತ್ತವೆ.

ಹೆಡ್ ಬಿಚ್ಚಿದರೆ ಎರಡು ವಾಲ್ವ್‌ಗಳೂ ಪಿಸ್ಟನ್ನಿನ ತಲೆಯೂ ಕಾಣುತ್ತವೆ. ಸಿಲಿಂಡರಿನ ವ್ಯಾಸ 68 ಮಿ.ಮೀ., ಪಿಸ್ಟನ್ ಓಡಾಟ 45 ಮಿ.ಮೀ. ಇದ್ದರೆ ಗಾತ್ರ ಎಷ್ಟು? ಲೆಕ್ಕ ಹಾಕಿ: ಸುಮಾರು 163 ಘನ ಸೆಂ.ಮೀ.

ಪಕ್ಕದ ಮುಚ್ಚಳ ತೆಗೆದಾಗ ಎರಡು ಗಿಯರ್ ಕಾಣುತ್ತವೆ. ಕ್ಯಾಮ್ ಗಿಯರಿನ ಹಲ್ಲುಗಳು ಕ್ರ್ಯಾಂಕ್ ಗಿಯರಿನ ಹಲ್ಲುಗಳ ಎರಡರಷ್ಟು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಪ್ರತಿ ವಾಲ್ವ್ ಒಮ್ಮೆ ಮಾತ್ರ ತೆರೆಯಬೇಕಲ್ಲವೆ? ಎರಡು ಧ್ರುವಗಳ ಜನಕದಿಂದ 50 ಹರ್ಟ್ಸ್ ಪಡೆಯಲು ನಿಮಿಷಕ್ಕೆ 3000 ಸುತ್ತು ಬೇಕು. ಅಂದರೆ ಸೆಕೆಂಡಿಗೆ 25 ಸ್ಫೋಟಗಳು!

ಇಷ್ಟು ವೇಗದ ಯಂತ್ರದಲ್ಲಿ ಆಯಿಲ್ ಪಂಪೇ ಇಲ್ಲ. ಕನೆಕ್ಟಿಂಗ್ ರಾಡ್ ತುದಿಯಲ್ಲಿರುವ ಚಿಕ್ಕ ಸೌಟಿನಂಥ ಭಾಗ ಆಯಿಲನ್ನು ಚಿಮ್ಮಿಸುತ್ತದೆ. ಮಟ್ಟ ಇಳಿದರೆ ಸೌಟಿಗೆ ಆಯಿಲ್ ಎಟುಕದು. ಉಕ್ಕಿನ ಕ್ರ್ಯಾಂಕ್ ಮೇಲೆ ಅಲ್ಯೂಮಿನಿಯಂ ರಾಡ್ ಒಣಗಿ ಉಜ್ಜುತ್ತದೆ, ಕಾದು ಮೆತ್ತಿಕೊಳ್ಳುತ್ತದೆ. ರಾಡಿನ ಕ್ಯಾಪ್ ಬಿಚ್ಚಿ ನೋಡಿ: ಹೊಳೆಯುವ ಉಕ್ಕಿನ ಮೇಲೆ ಬೂದು ಲೋಹದ ಗೀರುಗಳಿದ್ದರೆ, ಅದೇ ಎರಡನೆಯ ಸಾಕ್ಷಿ.

ಆಯಿಲ್ ತುಂಬಿದ್ದರೂ ಎಂಜಿನನ್ನು ಇಳಿಜಾರಿನಲ್ಲಿ ಇಟ್ಟರೆ ಏನಾದೀತು? ಸೌಟನ್ನು ನೆನಪಿಸಿಕೊಂಡು ನೀವೇ ಹೇಳಿ. ಚಾಲೂ ಮಾಡುವ ಮುನ್ನ ಸಮತಟ್ಟು ನೆಲದಲ್ಲಿಟ್ಟು ಆಯಿಲ್ ನೋಡಿ. ಹೊಗೆಯಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಕೋಣೆಯೊಳಗೆ ಎಂದೂ ಓಡಿಸಬೇಡಿ.