ಗೋಸುಂಬೆ ಮರಿಯ ಆರೋಗ್ಯ: ಬಿಸಿಲು, ಗಾಜು ಮತ್ತು ಪೊದೆ

ಮಳೆಗಾಲದ ದಿನಗಳಲ್ಲಿ ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆಗೆ ನೀವು ಎಂದಾದರೂ ನಡೆದು ಹೋಗಿದ್ದರೆ, ಒಂದು ಹೆಜ್ಜೆ ಮುಂದಿಟ್ಟು, ಗಾಳಿಗೆ ಎಲೆ ಅಲುಗಿದಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ರಸ್ತೆ ದಾಟುವ ಹಸಿರು ಪ್ರಾಣಿಯೊಂದನ್ನು ಕಂಡಿರಬಹುದು. ಅದೇ ಗೋಸುಂಬೆ. ಊಸರವಳ್ಳಿ ಎಂದೂ ಅದಕ್ಕೆ ಹೆಸರುಂಟು. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕೇತವೂ ಬಣ್ಣ ಬದಲಿಸುವುದರಿಂದ ಎಷ್ಟೋ ಜನ ಅದನ್ನೇ ಊಸರವಳ್ಳಿ ಎಂದು ತಿಳಿಯುತ್ತಾರೆ. ಸುರುಳಿ ಸುತ್ತುವ ಬಾಲ, ಇಕ್ಕಳದಂತೆ ಕೊಂಬೆ ಹಿಡಿಯುವ ಪಾದ, ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲ ಕಣ್ಣುಗಳು – ಈ ಮೂರೂ ಇದ್ದರೆ ಅದು ನಿಜವಾದ ಗೋಸುಂಬೆ. ಭಾರತದ ಗೋಸುಂಬೆಯ ವೈಜ್ಞಾನಿಕ ಹೆಸರು ಕಮೀಲಿಯೊ ಜೈಲಾನಿಕಸ್. ಅದಕ್ಕೆ ವಿಷವಿಲ್ಲ. ಆದರೂ ಹೆದರಿ ಕಲ್ಲೆಸೆಯುವವರು ಇದ್ದಾರೆ. ಅದರ ಅಂದಕ್ಕೆ ಮನಸೋತು ಮನೆಗೆ ಒಯ್ಯುವವರೂ ಇದ್ದಾರೆ. ಈ ಲೇಖನ ಎರಡನೆಯವರನ್ನು ಕುರಿತದ್ದು.

ನನ್ನ ಒಂದು ತಪ್ಪು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಹೊಲದ ಬದುವಿನಿಂದ ಬೆರಳುದ್ದದ ಗೋಸುಂಬೆ ಮರಿಯೊಂದನ್ನು ಹಿಡಿದು ತಂದ. ಮೀನು ಸಾಕುತ್ತಿದ್ದ ಹಳೆಯ ಗಾಜಿನ ತೊಟ್ಟಿಯಲ್ಲಿ ಎರಡು ಕಡ್ಡಿ ನಿಲ್ಲಿಸಿ, ಬಟ್ಟಲಲ್ಲಿ ನೀರಿಟ್ಟು, ದಿನವೂ ನೊಣ, ಮಿಡತೆ ಹಿಡಿದು ಹಾಕುತ್ತಿದ್ದ. “ಸಾರ್, ಇದಕ್ಕೆ ಬಿಸಿಲು ಬೇಕಂತೆ. ಎಲ್ಲಿಡಲಿ?” ಎಂದು ನನ್ನನ್ನು ಕೇಳಿದ. “ಪೂರ್ವದ ಕಿಟಕಿಯ ಗಾಜು ಮುಚ್ಚಿ, ಅದರ ಹಿಂದೆ ಇಡು. ಎಳೆಬಿಸಿಲು ಬೀಳುತ್ತದೆ, ಬೆಕ್ಕಿನ ಕಾಟವೂ ಇರುವುದಿಲ್ಲ” ಎಂದೆ.

ಕೆಲವು ವಾರಗಳಲ್ಲಿ ಮರಿಯ ನಾಲಗೆ ಗುರಿ ತಪ್ಪತೊಡಗಿತು. ಮುಂಗಾಲುಗಳು ಬಿಲ್ಲಿನಂತೆ ಬಾಗಿದವು. ಕಡ್ಡಿಯನ್ನು ಹಿಡಿಯಲಾರದೆ ಕೆಳಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಸತ್ತಿತ್ತು. “ನಾನು ದಿನಾ ಊಟ ಹಾಕುತ್ತಿದ್ದೆನಲ್ಲಾ ಸಾರ್” ಎಂದು ಹುಡುಗ ಅತ್ತ. ನನ್ನಲ್ಲಿ ಉತ್ತರವಿರಲಿಲ್ಲ. ಅದೇ ವಾರ ತರಗತಿಯಲ್ಲಿ ರೋಹಿತದ ಪಾಠ ಮಾಡುತ್ತ, ‘ನೇರಳಾತೀತ ರೋಹಿತಕ್ಕೆ ಗಾಜಿನ ಅಶ್ರಗ ಒದಗದು, ಕ್ವಾರ್ಟ್ಸ್ ಅಶ್ರಗ ಬೇಕು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಬರೆದ ಮೇಲೆ ಕೈ ನಿಂತುಹೋಯಿತು. ವರ್ಷವರ್ಷವೂ ಪಾಠ ಹೇಳುತ್ತಿದ್ದ ವಿಷಯ ಆ ಹುಡುಗ ಕೇಳಿದಾಗ ನನಗೆ ನೆನಪಾಗಿರಲಿಲ್ಲ.

ಗಾಜು ತಡೆದದ್ದೇನು?

ಸೂರ್ಯನ ಬೆಳಕಿನಲ್ಲಿ ನಮಗೆ ಕಾಣುವ ಬಣ್ಣಗಳಾಚೆಗೆ, 400 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗದೂರದ ನೇರಳಾತೀತ ಕಿರಣಗಳಿವೆ. ಇವುಗಳಲ್ಲಿ 280ರಿಂದ 315 ನ್ಯಾನೊಮೀಟರ್‌ವರೆಗಿನ ಭಾಗವನ್ನು ಯುವಿ–ಬಿ ಎನ್ನುತ್ತಾರೆ. ಸುಮಾರು 290ಕ್ಕಿಂತ ಕಡಿಮೆ ತರಂಗದೂರದವನ್ನು ವಾಯುಮಂಡಲದ ಓಜೋನ್ ಹೀರಿಬಿಡುವುದರಿಂದ ನೆಲ ಮುಟ್ಟುವುದು ಒಂದು ಕಿರಿದಾದ ಪಟ್ಟಿ ಮಾತ್ರ. ಗೋಸುಂಬೆಯ ಚರ್ಮದಲ್ಲೂ ನಮ್ಮ ಚರ್ಮದಲ್ಲೂ ಕೊಲೆಸ್ಟರಾಲ್‌ಗೆ ಹತ್ತಿರದ ಸಂಬಂಧಿಯಾದ ಒಂದು ವಸ್ತುವಿದೆ. ಈ ಕಿರಣಗಳು ಬಿದ್ದಾಗ ಅದರ ಅಣುವಿನ ಒಂದು ಉಂಗುರ ತೆರೆದುಕೊಳ್ಳುತ್ತದೆ. ಅನಂತರ ದೇಹದ ಶಾಖದಿಂದ ಅದು ನಿಧಾನವಾಗಿ ವಿಟಮಿನ್ ಡಿ3 ಆಗಿ ಮಾರ್ಪಡುತ್ತದೆ. ಎಂದರೆ, ಯುವಿ–ಬಿ ಬೇಕು, ಜೊತೆಗೆ ಬೆಚ್ಚಗಿನ ದೇಹವೂ ಬೇಕು.

ಆಹಾರದಲ್ಲಿರುವ ಕ್ಯಾಲ್ಸಿಯಮ್ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ3 ಅಗತ್ಯ. ಅದಿಲ್ಲದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಮ್ ಇಳಿಯುತ್ತದೆ. ಆಗ ದೇಹವು ತನ್ನ ಮೂಳೆಗಳಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಬೆಳೆದ ಪ್ರಾಣಿಯ ಮೂಳೆಯಲ್ಲಿ ಒಂದಿಷ್ಟು ಉಳಿತಾಯವಿರುತ್ತದೆ. ದಿನದಿನಕ್ಕೆ ಬೆಳೆಯುವ ಮರಿಯಲ್ಲಿ ಅದಿಲ್ಲ. ಮೂಳೆ ರಬ್ಬರಿನಂತೆ ಮೆತ್ತಗಾಗಿ ಬಾಗುತ್ತದೆ. ಮಕ್ಕಳಲ್ಲಿ ಕಾಣುವ ರಿಕೆಟ್ಸ್ ರೋಗವೂ ಬಹುಮಟ್ಟಿಗೆ ಇದೇ.

ಸಾಮಾನ್ಯ ಕಿಟಕಿ ಗಾಜು ಕಾಣುವ ಬೆಳಕನ್ನು ಬಿಡುತ್ತದೆ, ಆದರೆ ಯುವಿ–ಬಿಯನ್ನು ಬಹುತೇಕ ಪೂರ್ತಿ ತಡೆಯುತ್ತದೆ. 1919ರಲ್ಲಿ ಬರ್ಲಿನ್ನಿನ ವೈದ್ಯ ಕರ್ಟ್ ಹುಲ್ಡ್‌ಶಿನ್‌ಸ್ಕಿ ರಿಕೆಟ್ಸ್ ತಗುಲಿದ ಮಕ್ಕಳನ್ನು ಪಾದರಸದ ಆವಿದೀಪದ ಬೆಳಕಿನಿಂದ ಗುಣಪಡಿಸಿದ. ಅದರ ಕೊಳವೆ ಕ್ವಾರ್ಟ್ಸ್‌ನದಾದ್ದರಿಂದಲೇ ಅದು ಸಾಧ್ಯವಾಯಿತು. ಪಕ್ಕದ ಮನೆಯ ಮರಿ ಎರಡು ಗಾಜುಗಳ ಹಿಂದೆ ಇತ್ತು. ಅದರ ಮೈಮೇಲೆ ಬಿದ್ದದ್ದು ಬೆಳಕು ಮಾತ್ರ. ಸಾಲದ್ದಕ್ಕೆ, ಎಳೆಬಿಸಿಲು ಓರೆಯಾಗಿ ಓಜೋನ್ ಪದರವನ್ನು ಹಾಯ್ದು ಬರುವುದರಿಂದ ಅದರಲ್ಲಿ ಯುವಿ–ಬಿ ತೀರ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಆ ಬಿಸಿಲಿನಲ್ಲಿ ಯುವಿ–ಬಿ ಅಷ್ಟಾಗಿ ಇಲ್ಲವೆಂದು ತಿಳಿಯಬಹುದು.

ಮರಿ ಬೇಗ ಕಾಯುವುದೇಕೆ?

“ಹಾಗಾದರೆ ಮಧ್ಯಾಹ್ನ ಗಾಜಿನ ತೊಟ್ಟಿಯನ್ನೇ ಅಂಗಳದಲ್ಲಿ ಇಟ್ಟರಾಯಿತು” ಎಂದು ನೀವು ಹೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಶುಭ್ರ ಮಧ್ಯಾಹ್ನ ಒಂದು ಚದರ ಮೀಟರ್ ನೆಲಕ್ಕೆ ಸುಮಾರು 1000 ವಾಟ್, ಅಂದರೆ ಚದರ ಸೆಂಟಿಮೀಟರಿಗೆ 0.1 ವಾಟ್ ಶಕ್ತಿ ಬೀಳುತ್ತದೆ. ಮರಿಯ ತೂಕ 1 ಗ್ರಾಮ್, ಬಿಸಿಲಿಗೆ ತೆರೆದ ಮೈ 3 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಿದ್ದ 0.3 ವಾಟ್‌ನಲ್ಲಿ ಮೂರನೆಯ ಎರಡು ಭಾಗವನ್ನು ಮೈ ಹೀರಿದರೆ 0.2 ವಾಟ್. 1 ಗ್ರಾಮ್ ಮಾಂಸದ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 3.5 ಜೂಲ್ ಸಾಕು. ಆದ್ದರಿಂದ ಶಾಖ ಹೊರಹೋಗದಿದ್ದರೆ ಮರಿಯ ಉಷ್ಣತೆ ನಿಮಿಷಕ್ಕೆ ಸುಮಾರು ಮೂರೂವರೆ ಡಿಗ್ರಿ ಏರುತ್ತದೆ.

ಅದೇ ಆಕಾರದ, ನಾಲ್ಕು ಪಟ್ಟು ಉದ್ದದ ಗೋಸುಂಬೆಯ ಮೈ ವಿಸ್ತೀರ್ಣ 16 ಪಟ್ಟು, ತೂಕ 64 ಪಟ್ಟು. ಹೀಗಾಗಿ ಅದು ಕಾಯುವ ವೇಗ ಮರಿಯದರ ಕಾಲು ಭಾಗ ಮಾತ್ರ. ತೆರೆದ ಜಾಗದಲ್ಲಿ ಬೀಸುವ ಗಾಳಿ ಶಾಖವನ್ನು ಒಯ್ಯುತ್ತದೆ. ಗಾಜಿನ ತೊಟ್ಟಿಯಲ್ಲಿ ಗಾಳಿಯೂ ಸಿಕ್ಕಿಬಿದ್ದು ತಾನೇ ಕಾಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಿ ಬೇಗ ಒಣಗುವುದಕ್ಕೂ ಕಾರಣ ಇದೇ: ತೂಕಕ್ಕೆ ಹೋಲಿಸಿದರೆ ಅದರ ಮೈ ಬಹಳ ಹೆಚ್ಚು.

ರೇಷ್ಮೆ ಬೆಳೆಯುವ ದೇವನಹಳ್ಳಿಯ ಕಡೆಯವರಿಗೆ ಇದು ಹೊಸತಲ್ಲ. ಬೆಳೆದ ಹುಳುವಿಗೆ ಒಗ್ಗುವ ಹವೆ ಚಾಕಿ ಹುಳುವಿಗೆ ಒಗ್ಗುವುದಿಲ್ಲ ಎಂದು ಅವರು ಚಾಕಿಗೆ ಬೇರೆಯೇ ಕೋಣೆ ಮಾಡಿ, ಶಾಖ ಮತ್ತು ತೇವವನ್ನು ಕಾಯುತ್ತಾರೆ.

ಪೊದೆ ಮಾಡುವ ಕೆಲಸ

ಈಗ ಸಮಸ್ಯೆ ಸ್ಪಷ್ಟವಾಯಿತು. ಮೂಳೆಗೆ ಬೇಕಾದ ಕಿರಣವೂ ಜೀವ ತೆಗೆಯುವ ಶಾಖವೂ ಒಂದೇ ಸೂರ್ಯನಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಬರುತ್ತವೆ. ಎರಡನ್ನೂ ಬೇರ್ಪಡಿಸುವುದು ಹೇಗೆ? ನಮ್ಮ ಬದುಗಳ ತಂಗಡಿ, ಜಾಲಿ, ಲಂಟಾನ ಪೊದೆಗಳು ಈ ಕೆಲಸ ಮಾಡುತ್ತವೆ. ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 600 ನ್ಯಾನೊಮೀಟರಿನ ಕಿತ್ತಳೆ ಬೆಳಕಿಗಿಂತ 300 ನ್ಯಾನೊಮೀಟರಿನ ಯುವಿ–ಬಿ 16 ಪಟ್ಟು ಹೆಚ್ಚು ಚದುರುತ್ತದೆ. ಹೀಗಾಗಿ ಯುವಿ–ಬಿ ಸೂರ್ಯನ ದಿಕ್ಕಿನಿಂದ ಮಾತ್ರವಲ್ಲ, ಇಡೀ ಆಕಾಶದಿಂದ ಬರುತ್ತದೆ. ಆಕಾಶ ಕಾಣುವ ನೆರಳಿನಲ್ಲಿ ಕುಳಿತ ಮರಿಗೆ ಬಿಸಿಲಿನ ಉರಿ ತಪ್ಪುತ್ತದೆ, ಯುವಿ–ಬಿಯ ಒಂದು ಪಾಲು ಸಿಗುತ್ತದೆ.

ಮರಿ ತಾನೂ ಸುಮ್ಮನೆ ಕೂರುವುದಿಲ್ಲ. ಬೆಳಗಿನ ಚಳಿಯಲ್ಲಿ ಮೈಯನ್ನು ಕಪ್ಪಾಗಿಸಿ, ಅಗಲ ಮಾಡಿ, ಸೂರ್ಯನಿಗೆ ಅಡ್ಡವಾಗಿ ಹಿಡಿಯುತ್ತದೆ. ಕಾದ ಮೇಲೆ ಬಣ್ಣ ತಿಳಿಯಾಗಿಸಿ ಎಲೆಯ ಮರೆಗೆ ಸರಿಯುತ್ತದೆ. 2003ರಲ್ಲಿ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು: ಆಹಾರದಲ್ಲಿ ವಿಟಮಿನ್ ಡಿ3 ಕಡಿಮೆ ಸಿಕ್ಕವು ಯುವಿ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆದವು, ಹೆಚ್ಚು ಸಿಕ್ಕವು ಕಡಿಮೆ ಹೊತ್ತು ಕಳೆದವು. ತನಗೆಷ್ಟು ಬೇಕೆಂಬ ಲೆಕ್ಕ ಪ್ರಾಣಿಗೇ ಗೊತ್ತಿದೆ. ಆದರೆ ಅದರಂತೆ ನಡೆಯಲು ಅದಕ್ಕೆ ಬಿಸಿಲೂ ನೆರಳೂ ಎರಡೂ ಇರುವ ಜಾಗ ಬೇಕು. ತೊಟ್ಟಿ ಕಿತ್ತುಕೊಳ್ಳುವುದು ಈ ಆಯ್ಕೆಯನ್ನು.

ನೀರು ಮತ್ತು ಆಹಾರ

ಬಟ್ಟಲಲ್ಲಿ ನೀರಿಟ್ಟರೂ ಗೋಸುಂಬೆ ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆಯ ಮೇಲೆ ಹೊಳೆಯುವ ಇಬ್ಬನಿ, ಮಳೆಹನಿಗಳನ್ನು ನೆಕ್ಕುವುದು ಅದರ ಪದ್ಧತಿ. ನಿಂತ ನೀರು ಅದರ ಕಣ್ಣಿಗೆ ನೀರೆಂದು ಕಾಣದು. ನೀರಿನ ಪಕ್ಕದಲ್ಲೇ ಬಾಯಾರಿ ಸಾಯುವ ಮರಿಗಳುಂಟು.

ಇನ್ನು ಆಹಾರ. ಕೀಟಗಳಲ್ಲಿ ಕ್ಯಾಲ್ಸಿಯಮ್‌ಗಿಂತ ರಂಜಕವೇ ಹಲವು ಪಟ್ಟು ಹೆಚ್ಚು. ರಂಜಕ ಹೆಚ್ಚಾದಷ್ಟೂ ಕ್ಯಾಲ್ಸಿಯಮ್ ದಕ್ಕುವುದು ಕಷ್ಟ. ಪೊದೆಯಲ್ಲಿ ಬಗೆಬಗೆಯ ಹುಳುಗಳು ಸಿಗುತ್ತವೆ, ಅವುಗಳ ಹೊಟ್ಟೆಯಲ್ಲಿ ಬಗೆಬಗೆಯ ಎಲೆಗಳಿರುತ್ತವೆ, ಮೇಲೆ ಬಿಸಿಲಿದೆ. ಮನೆಯಲ್ಲಿ ಒಂದೆರಡು ಜಾತಿಯ ಕೀಟಗಳನ್ನಷ್ಟೇ ತಿಂದ ಮರಿಗೆ ಹೊಟ್ಟೆ ತುಂಬುತ್ತದೆ, ಮೂಳೆ ತುಂಬುವುದಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಇದು. ದ್ರಾಕ್ಷಿ, ತರಕಾರಿ ತೋಟಗಳಲ್ಲಿ ಹಿಡಿದ ಕೀಟಗಳಲ್ಲಿ ಕೀಟನಾಶಕವೂ ಇರಬಹುದು.

ರೋಗದ ಗುರುತುಗಳು

ಗೋಸುಂಬೆ ತನ್ನ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುವ ಪ್ರಾಣಿ. ಆದರೂ ಕೆಲವು ಗುರುತುಗಳಿವೆ.

1. ನಾಲಗೆ ಗುರಿ ಮುಟ್ಟದಿರುವುದು: 2016ರಲ್ಲಿ ಕ್ರಿಸ್ಟೋಫರ್ ಆಂಡರ್ಸನ್ ಒಂದು ಪುಟ್ಟ ಪ್ರಭೇದದ ನಾಲಗೆಯ ವೇಗೋತ್ಕರ್ಷ ಗುರುತ್ವದ 264 ಪಟ್ಟು ಇರುವುದನ್ನು ಅಳೆದರು. ಸ್ನಾಯು ಮೊದಲು ಸ್ಥಿತಿಸ್ಥಾಪಕ ಎಳೆಗಳನ್ನು ಬಿಲ್ಲಿನಂತೆ ಎಳೆದು ಶಕ್ತಿ ಕೂಡಿಟ್ಟು, ಒಮ್ಮೆಲೇ ಬಿಡುತ್ತದೆ. ಕ್ಯಾಲ್ಸಿಯಮ್ ಕೊರತೆಯಾದರೆ ಸ್ನಾಯುವಿಗೆ ಬಿಲ್ಲು ಎಳೆಯುವ ಬಲವಿರುವುದಿಲ್ಲ.

2. ಬಾಗಿದ ಕಾಲು, ಮೆತ್ತಗಾದ ದವಡೆ, ನಡುಕ, ಕೊಂಬೆಯಿಂದ ಜಾರುವುದು: ಮೂಳೆರೋಗ ಮುಂದುವರಿದಿದೆ.

3. ಗುಳಿಬಿದ್ದ ಕಣ್ಣು, ಮಲದ ಜೊತೆಗೆ ಬರುವ ಬಿಳಿ ಭಾಗ ಹಳದಿ ಅಥವಾ ಕಿತ್ತಳೆಯಾಗುವುದು: ನೀರಿನ ಕೊರತೆ.

4. ಹಗಲಲ್ಲಿ ಕಣ್ಣು ಮುಚ್ಚಿ ಕೂರುವುದು: ಯಾವುದೋ ಗಂಭೀರ ತೊಂದರೆ. ತಡಮಾಡುವಂತಿಲ್ಲ.

5. ಬಾಯಿ ತೆರೆದು ಉಸಿರಾಡುವುದು: ಶಾಖ ಹೆಚ್ಚಾಗಿರಬಹುದು. ನೆರಳಲ್ಲೂ ಹಾಗೆಯೇ ಮಾಡಿದರೆ, ಬಾಯಲ್ಲಿ ಲೋಳೆ ಕಂಡರೆ, ಉಸಿರಾಟದ ಸೋಂಕು. ಗಾಳಿಯಾಡದ ತೇವದ ತೊಟ್ಟಿಯಲ್ಲಿ ಇದು ಬೇಗ ಬರುತ್ತದೆ.

6. ಹೊಟ್ಟೆ ತುಂಬ ತಿಂದರೂ ಸೊರಗುವುದು: ಜಂತುಹುಳು ಇರಬಹುದು. ಕಾಡಿನಿಂದ ತಂದ ಪ್ರಾಣಿಗಳಲ್ಲಿ ಇದು ಸಾಮಾನ್ಯ. ಸೆರೆಯ ಒತ್ತಡದಲ್ಲಿ ಹುಳುಗಳ ಕೈ ಮೇಲಾಗುತ್ತದೆ.

ನಮ್ಮ ಆರೋಗ್ಯವನ್ನೂ ಮರೆಯಬಾರದು. ಆರೋಗ್ಯವಾಗಿ ಕಾಣುವ ಸರೀಸೃಪಗಳ ಕರುಳಿನಲ್ಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯಗಳಿರುತ್ತವೆ. ಮಕ್ಕಳಿಗೆ ಇವು ತಗುಲುತ್ತಿದ್ದುದರಿಂದಲೇ ಅಮೆರಿಕವು 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮುಟ್ಟಿದವರು ಸೋಪಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ನೀವೇನು ಮಾಡಬಹುದು?

ನಮ್ಮ ಗೋಸುಂಬೆ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ರಕ್ಷಣೆ ಪಡೆದ ಪ್ರಾಣಿ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಪಕ್ಕದ ಮನೆಯ ಹುಡುಗನಿಗೂ ನನಗೂ ಅಂದು ಇದೂ ತಿಳಿದಿರಲಿಲ್ಲ. ವಿದೇಶದ ಗೋಸುಂಬೆಗಳ ವ್ಯಾಪಾರ ಬೇರೆಯೇ ಕಥೆ. 2023ರ ಆಗಸ್ಟ್‌ನಲ್ಲಿ ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಪ್ರಾಣಿಗಳು ಸಿಕ್ಕಿದವು. ಅವುಗಳಲ್ಲಿ ಗೋಸುಂಬೆಗಳೂ ಇದ್ದವು. ಜೊತೆಯಲ್ಲಿದ್ದ ಕಾಂಗರೂ ಮರಿ ಸತ್ತಿತ್ತು. ಗಾಳಿ, ನೀರು, ಬೆಳಕು ಯಾವುದೂ ಇಲ್ಲದ ಪೆಟ್ಟಿಗೆ ಎಂಥದೆಂದು ಈಗ ನೀವೇ ಊಹಿಸಬಲ್ಲಿರಿ. ಕಾನೂನಿನ ಪ್ರಕಾರ ನೋಂದಾಯಿಸಿದ ವಿದೇಶಿ ಗೋಸುಂಬೆ ನಿಮ್ಮಲ್ಲಿದ್ದರೆ ಗಾಜಿನ ಬದಲು ಜಾಲರಿಯ ಗೂಡು, ಬಿಸಿಲೂ ನೆರಳೂ, ಎಲೆಗಳ ಮೇಲೆ ದಿನವೂ ಚಿಮುಕಿಸಿದ ನೀರು, ಪಶುವೈದ್ಯರು ಹೇಳಿದಷ್ಟೇ ಕ್ಯಾಲ್ಸಿಯಮ್ – ಇವು ಬೇಕೇಬೇಕು. ಯುವಿ ದೀಪ ಬಳಸುವವರು ಗಮನಿಸಿ: ಕಣ್ಣಿಗೆ ಕಾಣುವ ಬೆಳಕು ಹಾಗೆಯೇ ಇದ್ದರೂ ತಿಂಗಳುಗಳು ಕಳೆದಂತೆ ಅದರ ಯುವಿ–ಬಿ ಕುಂದುತ್ತದೆ.

ರಸ್ತೆಯಲ್ಲಿ ಗೋಸುಂಬೆ ಕಂಡರೆ ವಾಹನ ನಿಲ್ಲಿಸಿ. ಅದರ ಮುಂದೆ ಒಂದು ಕಡ್ಡಿ ಹಿಡಿದರೆ ತಾನಾಗಿ ಹತ್ತುತ್ತದೆ. ಅದು ಹೊರಟಿದ್ದ ದಿಕ್ಕಿನ ಪೊದೆಗೆ ಬಿಡಿ. ಮೊಟ್ಟೆಯಿಡಲು ನೆಲಕ್ಕಿಳಿದ ಹೆಣ್ಣೂ ಆಗಿರಬಹುದು. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. ಮಗು ಮರಿಯನ್ನು ಹಿಡಿದು ತಂದರೆ ಗದರಬೇಡಿ. ಜೊತೆಯಲ್ಲೇ ಹೋಗಿ, ತಂದ ಪೊದೆಗೇ ಬಿಟ್ಟು, ಸ್ವಲ್ಪ ಹೊತ್ತು ನಿಂತು ನೋಡಿ. ಮರಿ ಮೊದಲು ಕಪ್ಪಾಗಿರುತ್ತದೆ. ಎಲೆಗಳ ನಡುವೆ ಸೇರಿದಂತೆ ಹಸಿರಾಗುತ್ತದೆ. ಬದುಗಳಲ್ಲಿ ಆ ಪೊದೆಗಳನ್ನು ಉಳಿಸಿಕೊಂಡರೆ ಮುಂದಿನ ಮಳೆಗಾಲದಲ್ಲೂ ಅದನ್ನು ಅಲ್ಲಿಯೇ ಕಾಣಬಹುದು.