ಮೊದಲು ಸೇನೆ, ಆಮೇಲೆ ಮತದಾನ: ಆಸ್ಟ್ರಿಯಾ ಕಳೆದುಹೋದ ಬಗೆ

1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾವನ್ನು ಹಿಟ್ಲರ್ ಯುದ್ಧವಿಲ್ಲದೆಯೇ ನುಂಗಿದ. ಆ ಕಬಳಿಕೆಗೆ ತೊಡಿಸಿದ ಕಾನೂನಿನ ಉಡುಪು ಗಮನಾರ್ಹ.

ಫೆಬ್ರವರಿ 12ರಂದು ಆಸ್ಟ್ರಿಯಾದ ಚಾನ್ಸೆಲರ್ ಕುರ್ಟ್ ಶುಷ್ನಿಗ್ ಅವರನ್ನು ಕರೆಸಿಕೊಂಡ ಹಿಟ್ಲರ್, ನಾಜಿ ಬೆಂಬಲಿಗ ಸೈಸ್-ಇಂಕ್ವಾರ್ಟ್‌ಗೆ ಗೃಹ ಖಾತೆ ನೀಡುವಂತೆ ಬೆದರಿಸಿದ. ಹೀಗೆ ಪೊಲೀಸ್ ಬಲ ಕೈತಪ್ಪಿತು. ಸ್ವಾತಂತ್ರ್ಯದ ಪ್ರಶ್ನೆಯನ್ನು ಜನರ ಮುಂದಿಡಲು ನಿರ್ಧರಿಸಿದ ಶುಷ್ನಿಗ್, ಮಾರ್ಚ್ 13ಕ್ಕೆ ಜನಮತಗಣನೆ ಘೋಷಿಸಿದರು. (ಅವರೂ ಪ್ರಜಾಪ್ರಭುತ್ವವಾದಿಯೇನಲ್ಲ. ನೆರವಾಗಬಹುದಾಗಿದ್ದ ಸಮಾಜವಾದಿಗಳ ಪಕ್ಷ 1934ರಲ್ಲೇ ನಿಷೇಧಗೊಂಡಿತ್ತು.)

ಆ ಮತದಾನ ನಡೆಯಲೇ ಇಲ್ಲ. 11ರಂದು ಶುಷ್ನಿಗ್ ರಾಜೀನಾಮೆಯಿತ್ತರು; 12ರ ಬೆಳಗ್ಗೆ ಜರ್ಮನ್ ಸೇನೆ ಗಡಿ ದಾಟಿತು. ಪ್ರತಿರೋಧ ಬೇಡವೆಂದು ಆಸ್ಟ್ರಿಯಾದ ಸೈನಿಕರಿಗೆ ಆದೇಶವಿತ್ತು. ಬೀದಿಗಳಲ್ಲಿ ಹೂವು, ಜೈಕಾರಗಳೂ ಇದ್ದವೆಂಬುದನ್ನು ಮರೆಮಾಚಲಾಗದು.

ಮರುದಿನವೇ ವಿಲೀನದ ಕಾನೂನು ಹೊರಬಿತ್ತು. ಜನಾಭಿಪ್ರಾಯ ಕೇಳಿದ್ದು ಏಪ್ರಿಲ್ 10ರಂದು. ಮತಪತ್ರದಲ್ಲಿ 'ಹೌದು' ಎನ್ನಲು ದೊಡ್ಡ ವೃತ್ತ, 'ಇಲ್ಲ' ಎನ್ನಲು ಪಕ್ಕದಲ್ಲಿ ಪುಟ್ಟ ವೃತ್ತ! ಯೆಹೂದಿಗಳಿಗೆ ಮತದ ಹಕ್ಕೇ ಇರಲಿಲ್ಲ. ವಿರೋಧಿಗಳು ಸಾವಿರಾರು ಸಂಖ್ಯೆಯಲ್ಲಿ ಸೆರೆಯಾಗಿದ್ದರು. ಶೇ 99.7ರಷ್ಟು ಒಪ್ಪಿಗೆ ದೊರೆಯಿತೆಂದು ಸಾರಲಾಯಿತು.

ಬ್ರಿಟನ್, ಫ್ರಾನ್ಸ್ ಆಕ್ಷೇಪ ಸಲ್ಲಿಸಿ ಸುಮ್ಮನಾದವು. ರಾಷ್ಟ್ರಸಂಘದಲ್ಲಿ ಪ್ರತಿಭಟನೆ ದಾಖಲಿಸಿದ್ದು ದೂರದ ಮೆಕ್ಸಿಕೋ. 1943ರ ಮಾಸ್ಕೋ ಘೋಷಣೆ ಈ ವಿಲೀನವನ್ನು ಅಸಿಂಧುವೆಂದಿತು. ಆಸ್ಟ್ರಿಯಾವನ್ನು ಹಿಟ್ಲರನ ಮೊದಲ ಬಲಿಪಶು ಎಂದೂ ಕರೆಯಿತು. ಆ ಮಾತಿನ ನೆರಳಲ್ಲಿ ದೇಶ ದಶಕಗಳ ಕಾಲ ನೆಮ್ಮದಿಯಾಗಿತ್ತು. ನಾಜಿ ಕೃತ್ಯಗಳಲ್ಲಿ ತನ್ನ ಪ್ರಜೆಗಳಿಗೂ ಹೊಣೆಯಿದೆಯೆಂದು ಚಾನ್ಸೆಲರ್ ಫ್ರಾಂಜ್ ವ್ರಾನಿಟ್ಸ್ಕಿ ಸಂಸತ್ತಿನಲ್ಲಿ ಒಪ್ಪಿಕೊಂಡದ್ದು 1991ರಲ್ಲಿ.